ಬುದ್ಧಿ ಇಲ್ಲದ ಯಂತ್ರ

ಹೊನ್ನಮ್ಮನವರಿಗೆ ಶ್ರುತಿಯಲ್ಲಿ ಹತ್ತಕ್ಕೆ ಮೂರು ಬಂದಿತ್ತು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅರುವತ್ತು ವರ್ಷ ಹಾಡಿದ ಮೇಲೆ, ಹತ್ತಕ್ಕೆ ಮೂರು. ಅಂಕ ಹಾಕಿದವರೇನೂ ವಿದ್ವಾಂಸರಲ್ಲ. ಮಲೇಷ್ಯಾದ ಸುಬಾಂಗ್ ಜಯಾ ಊರಿನ ಹನ್ನೆರಡು ಕನ್ನಡ ಮನೆಗಳವರು. ಹೆಚ್ಚಿನವರು ಕಂಪ್ಯೂಟರಿನ ಮುಂದೆ ಕೂತು ಸಂಬಳ ಎಣಿಸುವವರು. ಅವರಲ್ಲಿ ಕೆಲವರಿಗೆ ಹಾಡುತ್ತಿರುವುದು ಕಲ್ಯಾಣಿಯೋ ಕಾಂಬೋಧಿಯೋ ಎಂದು ತಿಳಿಯಬೇಕಾದರೆ ಪಕ್ಕದವರ ಮುಖ ನೋಡಬೇಕು. ಆದರೂ ಒಬ್ಬರೂ ಬಿಡದೆ ಅಂಕ ಹಾಕಿದ್ದರು. ಹಾಕಿ ಎಂದು ನರಹರಿ ಹೇಳಿದ್ದ, ಅದಕ್ಕೆ.

ನರಹರಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸಾಫ್ಟ್‌ವೇರ್ ಮ್ಯಾನೇಜರು, ಐವತ್ತರ ಆಸುಪಾಸು, ಒಳ್ಳೆಯ ಮನುಷ್ಯ. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನ ಮನೆಯ ಹಾಲಿನಲ್ಲಿ ಜಮಖಾನ ಹಾಸಿರುತ್ತದೆ, ಒಳಗೆ ಉಪ್ಪಿಟ್ಟು ಬೇಯುತ್ತಿರುತ್ತದೆ, ಯಾರು ಬೇಕಾದರೂ ಬಂದು ಹಾಡಬಹುದು. ಇಡೀ ಗುಂಪಿಗೆ ಮೃದಂಗ ನುಡಿಸುವವನು ಅವನೊಬ್ಬನೇ. ಮೃದಂಗವೂ ಒಂದೇ, ಬೆಂಗಳೂರಿನಿಂದ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಎಳೆಗೂಸಿನ ಹಾಗೆ ತಂದದ್ದು. ಅವನಿಗಿದ್ದ ರೋಗ ಒಂದೇ: ಯಾವುದನ್ನೂ ಪಟ್ಟಿ ಮಾಡದೆ ಬಿಡಲಾರ. ಉಪ್ಪಿಟ್ಟಿಗೆ ಯಾರು ತೆಂಗಿನಕಾಯಿ ತುರಿಯಬೇಕು ಎನ್ನುವುದಕ್ಕೂ ಅವನ ಲ್ಯಾಪ್‌ಟಾಪಿನಲ್ಲಿ ಒಂದು ಕಾಲಂ ಇತ್ತು.

ಪ್ರತಿ ವರ್ಷ ರಾಮನವಮಿಗೆ ಬಾಂಗ್ಸಾರ್‌ನ ಒಂದು ಸಭಾಂಗಣದಲ್ಲಿ ಕಚೇರಿ ನಡೆಯುತ್ತದೆ. ಈ ಗುಂಪಿಗೆ ಅಲ್ಲಿ ಒಂದು ಗಂಟೆ. ಅರ್ಧ ಗಂಟೆ ಎಲ್ಲರೂ ಸೇರಿ ಹಾಡುವುದು, ಅರ್ಧ ಗಂಟೆ ಒಬ್ಬರೇ ಹಾಡುವುದು. ಮಗಳು ವಂದನಾಳ ಜೊತೆ ಇರಲು ಮೈಸೂರಿನಿಂದ ಬಂದ ನಾಲ್ಕು ವರ್ಷಗಳಿಂದಲೂ ಆ ಒಬ್ಬರ ಅರ್ಧ ಗಂಟೆ ಹೊನ್ನಮ್ಮನವರದೇ. ಯಾರೂ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಊಟಕ್ಕೆ ಕೂತಾಗ ಹಿರಿಯರಿಗೆ ಮೊದಲು ಬಡಿಸುವ ಹಾಗೆ ತಾನಾಗಿ ನಡೆದುಬಂದದ್ದು. ಈ ವರ್ಷ ಆರು ಜನ ತಾವೂ ಹಾಡುತ್ತೇವೆ ಎಂದರು. ನರಹರಿ ಎಲ್ಲರನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಮನೆಮನೆಗೆ ಕಳಿಸಿ, ಶ್ರುತಿ, ಲಯ, ಭಾವ, ಆಡಿಯನ್ಸ್ ಕನೆಕ್ಟ್ ಎಂದು ನಾಲ್ಕು ಕಾಲಂ ಹಾಕಿ ಅಂಕ ಬೇಡಿದ. ಎರಡು ವರ್ಷದಿಂದ ಬರುತ್ತಿದ್ದ ಅಕ್ಷಿತಾ ಎಂಬ ಹುಡುಗಿ ಗೆದ್ದಳು. ಹೊನ್ನಮ್ಮನವರು ಕೊನೆಗೆ ಬಂದರು. ಗುಂಪಿನ ವಾಟ್ಸಪ್ಪಿನಲ್ಲಿ ನರಹರಿ ಬರೆದ: "ಕಡೆಯಲ್ಲಿ ಮಂಗಳ ಹಾಡಲು ನಮ್ಮೆಲ್ಲರ ಹಿರಿಯರಾದ ಹೊನ್ನಮ್ಮನವರು." ಪಕ್ಕದಲ್ಲಿ ಕೈ ಮುಗಿದ ಚಿತ್ರ.

ಹೊನ್ನಮ್ಮನವರು ಆ ಕೈ ಮುಗಿದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವಮಾನವನ್ನು ಬಾಯಿಬಿಟ್ಟು ಮಾಡಿದರೆ ಜಗಳವನ್ನಾದರೂ ಆಡಬಹುದು. ಕೈ ಮುಗಿದು ಮಾಡಿದರೆ ಏನು ಮಾಡುವುದು? ಸಿಟ್ಟು ಬಂತು. ಜೊತೆಗೆ, ಯಾರಿಗೂ ಹೇಳದ ಒಂದು ಭಯವೂ ಹುಟ್ಟಿತು: ಹನ್ನೆರಡು ಮನೆಯವರ ಕಿವಿ ಸರಿಯಿದ್ದು, ತನ್ನದೇ ಕಿವಿ ಕೆಟ್ಟಿದ್ದರೆ?

"ಆ ರೆಕಾರ್ಡಿಂಗ್ ಹಾಕೇ," ಎಂದರು ಮಗಳಿಗೆ.

"ಬಿಟ್ಬಿಡು ಅಮ್ಮ. ಅದನ್ನ ಕೇಳಿ ಸುಮ್ನೆ ಬೇಜಾರ್ ಮಾಡ್ಕೋತೀಯ."

"ಮೂರು ಹಾಕಿಸ್ಕೊಂಡು ಬಿಟ್ಬಿಡೋಕೆ ನಾನೇನು ಸತ್ತಿದೀನಾ? ಹಾಕು."

ವಂದನಾ ಹಾಕಿದಳು. ಹೊನ್ನಮ್ಮನವರು ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು. ದನಿ ತಮ್ಮದೇ ಹೌದು. ಒಣಗಿದ ರೊಟ್ಟಿಯ ಹಾಗಿತ್ತು. ಏನೋ ಕಡಿಮೆಯಾಗಿತ್ತು. ಮೂರನೆಯ ಸಲ ಕೇಳುವಾಗ ತಿಳಿಯಿತು.

"ತಂಬೂರಿ ಎಲ್ಲೇ?"

"ಯಾವ್ ತಂಬೂರಿ?"

"ಪಕ್ಕದಲ್ಲೇ ಇಟ್ಕೊಂಡಿದ್ನಲ್ಲ, ನನ್ನ ಎಲೆಕ್ಟ್ರಾನಿಕ್ ತಂಬೂರಿ. ಒಂದು ಎಳೆನೂ ಕೇಳ್ತಿಲ್ಲ ಇದ್ರಲ್ಲಿ."

ವಂದನಾ ಅಂತರ್ಜಾಲದಲ್ಲಿ ಹುಡುಕಿ ಓದಿ ಹೇಳಿದಳು. ಇಂಥ ಫೋನುಗಳು ಮಾತನ್ನು ಉಳಿಸಿಕೊಂಡು ಗದ್ದಲವನ್ನು ತೆಗೆದುಹಾಕುತ್ತವಂತೆ. ಒಂದೇ ಸಮನೆ ಗುಂಯ್ಗುಡುವ ಸದ್ದು ಯಾವುದಿದ್ದರೂ ಅವುಗಳ ಲೆಕ್ಕದಲ್ಲಿ ಫ್ಯಾನಿನ ಸದ್ದು. ತಂಬೂರಿಯೂ ಅದೇ ಲೆಕ್ಕಕ್ಕೆ ಸೇರಿ ಕಸದ ಬುಟ್ಟಿಗೆ ಹೋಗಿತ್ತು. ಕೆಳಗೆ ನೆಲವೇ ಇಲ್ಲದೆ ಹಾಡು ಗಾಳಿಯಲ್ಲಿ ನಿಂತಿತ್ತು.

"ತಂಬೂರಿನ ತಿಂದು ಹಾಕಿ ನನಗೆ ಶ್ರುತಿ ಇಲ್ಲ ಅಂತಾರಾ!" ಹೊನ್ನಮ್ಮನವರು ಎದ್ದು ನಿಂತರು. ಭಯ ಹೋಗಿ ಸಿಟ್ಟೊಂದೇ ಉಳಿಯಿತು, ಅದರಿಂದ ಮೈಗೆ ಎಷ್ಟೋ ಹಿತವಾಯಿತು. "ನನಗೊಂದು ಸರಿಯಾದ ಯಂತ್ರ ಬೇಕು. ಕೈಯಲ್ಲಿ ಹಿಡ್ಕೊಂಡು ಹೋಗೋ ಅಂಥದ್ದು. ಮುನ್ನೂರು ರಿಂಗಿಟ್ ಒಳಗೆ."

"ಆನ್‌ಲೈನಲ್ಲಿ ತರಿಸ್ತೀನಿ ಇರು. ರಿವ್ಯೂ ಎಲ್ಲಾ ನೋಡಿ—"

"ಸೀರೆನೇ ಮುಟ್ಟಿ ನೋಡ್ದೆ ತಗೊಳ್ಳಲ್ಲ ನಾನು. ಇದು ಕಿವಿ ವಿಷಯ. ಅಂಗಡಿಗೆ ನಡಿ."

ಶನಿವಾರ ಮಧ್ಯಾಹ್ನ ಇಬ್ಬರೂ ಎಲ್‌ಆರ್‌ಟಿ ರೈಲು ನಿಲ್ದಾಣದ ಪಕ್ಕದ ಮಾಲಿಗೆ ಹೋದರು. ಮೂರನೆಯ ಮಹಡಿಯ ಮೂಲೆಯಲ್ಲಿ ಹಳೆಯದು ಹೊಸದು ಎರಡನ್ನೂ ಮಾರುವ ಎಲೆಕ್ಟ್ರಾನಿಕ್ ಅಂಗಡಿ. ಮಾಲೀಕ ಸದಾಶಿವ ಮೂರು ತಲೆಮಾರಿನಿಂದ ಮಲೇಷ್ಯಾದಲ್ಲೇ ಇರುವ ತಮಿಳಿನವನು. ಅವನ ತಮಿಳು, ಹೊನ್ನಮ್ಮನವರ ಮೈಸೂರು ತಮಿಳು, ನಡುನಡುವೆ ವಂದನಾಳ ಇಂಗ್ಲಿಷು, ಹೀಗೆ ಮಾತು ಸಾಗಿತು. ಮಲೇಷ್ಯಾದವರು ಮಾತಿನ ಕೊನೆಗೆ ಅಂಟಿಸುವ 'ಲಾ' ಒಂದನ್ನು ಉಳಿಸಿಕೊಂಡು ಕನ್ನಡದಲ್ಲೇ ಹೇಳಿದರೆ ಹೀಗೆ.

"ಇದು ನೋಡಿ ಅಮ್ಮಾ, ಕಾಲೇಜು ಮಕ್ಕಳು ಪಾಠ ರೆಕಾರ್ಡ್ ಮಾಡೋಕೆ ತಗೊಂಡು ಹೋಗ್ತಾರೆ. ತುಂಬಾ ಬುದ್ಧಿವಂತ ಲಾ. ಗದ್ದಲ ತಾನೇ ತೆಗೆಯುತ್ತೆ, ಸದ್ದು ಹೆಚ್ಚು ಕಡಿಮೆ ತಾನೇ ಮಾಡುತ್ತೆ. ಹಲೋ ಹಲೋ ಅನ್ನಿ, ಕೇಳಿಸ್ತೀನಿ."

"ನಾನು ಹಲೋ ಅನ್ನೋಕೆ ಬಂದಿಲ್ಲಪ್ಪ," ಎಂದು ಹೊನ್ನಮ್ಮನವರು ಬಟ್ಟೆಯ ಚೀಲದಿಂದ ಎಲೆಕ್ಟ್ರಾನಿಕ್ ತಂಬೂರಿಯನ್ನು ತೆಗೆದು ಗಾಜಿನ ಕೌಂಟರಿನ ಮೇಲಿಟ್ಟರು. ಸ್ಟೂಲ್ ಎಳೆದುಕೊಂಡು ಕೂತರು. ತಂಬೂರಿ ಗುಂಯ್ಗುಟ್ಟಿತು. ಕಣ್ಣು ಮುಚ್ಚಿ ಕಲ್ಯಾಣಿ ಹಾಡಲು ಶುರುಮಾಡಿಯೇ ಬಿಟ್ಟರು.

ವಂದನಾ ಎದುರಿನ ಫೋನ್ ಕವರುಗಳ ಗೋಡೆಯನ್ನು ಓದತೊಡಗಿದಳು. ಎಸ್ಕಲೇಟರಿನಲ್ಲಿ ಇಳಿಯುತ್ತಿದ್ದವರು ತಲೆ ತಿರುಗಿಸಿದರು. ಪಕ್ಕದ ಅಂಗಡಿಯ ಚೀನೀ ಹೆಂಗಸು ಬಾಗಿಲಿಗೆ ಬಂದು ನಿಂತಳು. ಯಾರು ನೋಡಿದರೆ ಹೊನ್ನಮ್ಮನವರಿಗೇನು? ಪಲ್ಲವಿ, ಅನುಪಲ್ಲವಿ ಎರಡನ್ನೂ ಮುಗಿಸಿಯೇ ಕಣ್ಣು ಬಿಟ್ಟರು.

ಬುದ್ಧಿವಂತ ಯಂತ್ರ ತಂಬೂರಿಯನ್ನು ಪೂರ್ತಿ ನುಂಗಿತ್ತು. ಹಾಡು ನಿಂತ ಕೂಡಲೇ ಬುಸ್ ಎಂದು ಉಸಿರುಬಿಟ್ಟಿತ್ತು. "ಇದು ಆ ಫೋನಿನ ತಮ್ಮ," ಎಂದರು ಹೊನ್ನಮ್ಮ. "ಬೇರೆ ಕೊಡು."

ಎರಡನೆಯದರಲ್ಲಿ ಗದ್ದಲ ತೆಗೆಯುವುದನ್ನು ನಿಲ್ಲಿಸಬಹುದಿತ್ತು. ಹೊನ್ನಮ್ಮನವರು ಮತ್ತೆ ಹಾಡಿದರು. ತಂಬೂರಿ ಬಂತು. ಆದರೆ ಸದ್ದಿನ ಹೆಚ್ಚು ಕಡಿಮೆಯನ್ನು ಅದು ತಾನೇ ನೋಡಿಕೊಳ್ಳುತ್ತಿತ್ತು, ಅದನ್ನು ನಿಲ್ಲಿಸಲು ದಾರಿಯಿರಲಿಲ್ಲ. "ನಾನು ಮೆಲ್ಲಗೆ ಹಾಡಿದ್ದನ್ನ ಜೋರು ಮಾಡಿದೆ, ಜೋರಾಗಿ ಹಾಡಿದ್ದನ್ನ ತಲೆ ಮೇಲೆ ತಟ್ಟಿ ಕೂರಿಸಿದೆ. ಎಲ್ಲಿ ಮೆತ್ತಗೆ ಹೇಳ್ಬೇಕು ಅಂತ ಕಲಿಯೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು. ಇದಕ್ಕೂ ಬುದ್ಧಿ ಜಾಸ್ತಿಯಾಯ್ತು."

ಸದಾಶಿವ ತಲೆ ಕೆರೆದುಕೊಂಡ. ಗಿರಾಕಿಗಳು ಹೆಚ್ಚು ಬುದ್ಧಿ ಬೇಕು ಎಂದು ಕೇಳುವುದನ್ನು ಕಂಡಿದ್ದ. ಕಡಿಮೆ ಬುದ್ಧಿ ಕೇಳಿದವರು ಇವರೇ ಮೊದಲು. ಕೌಂಟರಿನ ಕೆಳಗಿನ ಡಬ್ಬಿಯಲ್ಲಿ ತಡಕಾಡಿ ಮೂರನೆಯದನ್ನು ತೆಗೆದ. ಮೈಯೆಲ್ಲ ಗೀರು ಬಿದ್ದ ಹಳೆಯ ರೆಕಾರ್ಡರು. ತಲೆಯ ಮೇಲೆ ಎರಡು ಪುಟ್ಟ ಮೈಕು, ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್ಲು, ಪಕ್ಕದಲ್ಲಿ ಸದ್ದನ್ನು ಕೈಯಿಂದಲೇ ಹೆಚ್ಚು ಕಡಿಮೆ ಮಾಡುವ ಚಕ್ರ.

"ಹಕ್ಕಿಗಳ ಕೂಗು ರೆಕಾರ್ಡ್ ಮಾಡೋನೊಬ್ಬ ಮಾರಿ ಹೋದದ್ದು. ಇದಕ್ಕೆ ಬುದ್ಧಿನೇ ಇಲ್ಲ ಅಮ್ಮಾ. ಒಳಗೆ ಎಷ್ಟು ಹೋಯ್ತೋ ಅಷ್ಟೇ ಹೊರಗೆ. ಇನ್ನೂರೈವತ್ತಕ್ಕೆ ಕೊಡ್ತೀನಿ."

ಮೂರನೆಯ ಸಲ ಹಾಡಿ, ಅವನು ಕೊಟ್ಟ ದೊಡ್ಡ ಹೆಡ್‌ಫೋನನ್ನು ತಲೆಗೆ ಹಾಕಿಕೊಂಡು ಹೊನ್ನಮ್ಮನವರು ಕೇಳಿದರು. ಮೊದಲು ಬಂದದ್ದು ತಂಬೂರಿ. ನಾಲ್ಕು ತಂತಿಯೂ ಒಂದೊಂದಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ. ಹಿಂದೆ ಏಸಿಯ ಗೊರಗೊರ, ಯಾವುದೋ ಮಗುವಿನ ಅಳು, ಎಸ್ಕಲೇಟರಿನ ಕಿರುಗುಟ್ಟು. ಎಲ್ಲದರ ನಡುವೆ ತಮ್ಮ ದನಿ, ಅದರ ತೂಕದೊಡನೆ, ಒರಟಿನೊಡನೆ. ಸಂತೋಷಕ್ಕೆ ಅವರ ಕಣ್ಣು ತುಂಬಿತು. ನೋಡಿದಿರಾ, ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ಅನುಪಲ್ಲವಿ ಬಂತು. ಹಾಡು ಮೇಲಿನ ಷಡ್ಜವನ್ನು ದಾಟಿ ಗಾಂಧಾರಕ್ಕೆ ಹತ್ತುವ ಜಾಗ. ಅಲ್ಲಿ ದನಿ ಮೇಲೆ ತಲುಪಲಿಲ್ಲ. ಕೂದಲೆಳೆಯಷ್ಟು ಕೆಳಗೆ ನಿಂತು, ನಡುಗಿ, ಜಾರಿತು. ಕೆಳಗೆ ತಂಬೂರಿ ಇದ್ದದ್ದರಿಂದಲೇ ಅದು ಎದ್ದು ಕಾಣುತ್ತಿತ್ತು. ತಮ್ಮ ಪರವಾಗಿ ಸಾಕ್ಷಿ ಹೇಳಲು ಕರೆತಂದವನೇ ಕಟಕಟೆಯಲ್ಲಿ ನಿಂತು ತಿರುಗಿಬಿದ್ದಿದ್ದ.

ಹಾಡುವಾಗ ಅವರಿಗೆ ಅದು ಕೇಳಿಸಿಯೇ ಇರಲಿಲ್ಲ. ತಮ್ಮ ಕಿವಿ ತಮ್ಮನ್ನು ಕ್ಷಮಿಸಿಬಿಟ್ಟಿತ್ತು. ಎಷ್ಟು ದಿನದಿಂದಲೋ ಏನೋ.

ವಂದನಾ ಹೆಡ್‌ಫೋನ್ ತೆಗೆದುಕೊಂಡು ಕೇಳಿದಳು. "ಚೆನ್ನಾಗಿದೆ ಅಮ್ಮ," ಎಂದಳು, ಸ್ವಲ್ಪ ಬೇಗನೆ. ಸದಾಶಿವನೂ ಕೇಳಿ, ಎರಡನೆಯದನ್ನು ಮೆಲ್ಲಗೆ ಮುಂದೆ ಸರಿಸಿದ. "ಅದರಲ್ಲಿ ಸಿಹಿಯಾಗಿ ಬರುತ್ತೆ ಅಮ್ಮಾ."

"ಸಿಹಿ ಬೇಡ ಅಂದಿದಾರೆ ಡಾಕ್ಟರು," ಎಂದರು ಹೊನ್ನಮ್ಮ. ಗೀರು ಬಿದ್ದ ಯಂತ್ರವನ್ನು ಅವನತ್ತ ಸರಿಸಿದರು. "ಇದನ್ನೇ ಕಟ್ಟಿಕೊಡು."

ಮುಂದಿನ ಒಂದು ವಾರ ಮನೆಯಲ್ಲಿ ಯುದ್ಧ ನಡೆಯಿತು. ವಂದನಾ ಕೆಲಸಕ್ಕೆ ಹೊರಟ ಕೂಡಲೇ ಹೊನ್ನಮ್ಮನವರು ಯಂತ್ರವನ್ನು ಊಟದ ಮೇಜಿನ ಮೇಲಿಟ್ಟು ಎದುರು ಕೂರುವರು. ಹಾಡುವರು, ಕೇಳುವರು, ಬೈಯುವರು. ಮೆಣಸಿನ ಕಷಾಯ ಕುಡಿದು ಹಾಡಿದರು. ಬೆಳಗಿನ ಜಾವದ ಸಾಧನೆಯನ್ನು ಮತ್ತೆ ಶುರುಮಾಡಿ ಹಾಡಿದರು. ಗಾಂಧಾರ ಪ್ರತಿ ಸಲವೂ ಅದೇ ಕೂದಲೆಳೆಯಷ್ಟು ಕೆಳಗೆ ನಿಂತು ಜಾರಿತು. ಗುರುವಾರ ಅದನ್ನು ಹನ್ನೊಂದನೆಯ ಮಹಡಿಯ ಬಾಲ್ಕನಿಯಿಂದ ಕೆಳಕ್ಕೆ ಎಸೆಯಬೇಕೆನಿಸಿತು. "ನೀನೂ ಮೂರೇ ಹಾಕ್ದೆಯಲ್ಲೋ," ಎಂದು ಅದನ್ನು ಗದರಿ, ಮೇಜಿನ ಮೇಲೆ ತಲೆಯಿಟ್ಟು ಅತ್ತರು. ವಯಸ್ಸಾಯಿತೆಂದು ಒಪ್ಪಿಕೊಳ್ಳಬೇಕಲ್ಲ ಎಂಬ ಅಳುವಲ್ಲ ಅದು. ನರಹರಿಗೆ ಎದುರು ಹೇಳಲು ಯಾವ ಮಾತೂ ಉಳಿಯಲಿಲ್ಲವಲ್ಲ, ಮಂಗಳ ಹಾಡಿ ಎದ್ದು ಬರಬೇಕಲ್ಲ ಎಂಬ ಅಳು.

ಶುಕ್ರವಾರ ಮಧ್ಯಾಹ್ನ ಗಂಟಲು ಸೋತು, ಬರಿಯ ಮಂದ್ರದಲ್ಲಿ ಸ್ವಲ್ಪ ಹೊತ್ತು ಗುನುಗೋಣ ಎಂದುಕೊಂಡು ತಂಬೂರಿಯ ನಾಬನ್ನು ಕೆಳಕ್ಕೆ ತಿರುಗಿಸಿದರು. ಶ್ರುತಿ ಐದೂವರೆ ಮನೆಯ ಎತ್ತರದಿಂದ ಐದಕ್ಕೆ ಇಳಿಯಿತು, ಐದರಿಂದ ನಾಲ್ಕೂವರೆಗೆ. ನಾಲ್ಕೂವರೆಯ ತಂಬೂರಿ ಕಿವಿಗೆ ಬಿದ್ದ ಕೂಡಲೇ ಬೆನ್ನು ತಾನಾಗಿ ಕುರ್ಚಿಗೆ ಒರಗಿತು. ಗುನುಗು ಹಾಡಾಯಿತು, ಹಾಡು ಅನುಪಲ್ಲವಿಗೆ ಹತ್ತಿತು. ಗಾಂಧಾರ ನಿಂತಿತು. ಅವರಿಗೆ ನಂಬಿಕೆ ಬರಲಿಲ್ಲ. ಯಂತ್ರವನ್ನು ಎರಡು ಸಲ ಹಿಂದಕ್ಕೆ ಓಡಿಸಿ ಕೇಳಿದರು. ಕಲ್ಲು ಕಂಬದ ಹಾಗೆ ನಿಂತಿತ್ತು. ಈ ಯಂತ್ರಕ್ಕೆ ಮುಖಸ್ತುತಿ ಮಾಡುವಷ್ಟು ಬುದ್ಧಿ ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಗ ನೆನಪಾಯಿತು. ಮೈಸೂರಿನಲ್ಲಿ ತಾವು ಹಾಡುತ್ತಿದ್ದದ್ದೇ ನಾಲ್ಕೂವರೆಯಲ್ಲಿ! ಹನ್ನೆರಡನೆಯ ವಯಸ್ಸಿನಿಂದ ಅರುವತ್ತೇಳರವರೆಗೂ. ಇಲ್ಲಿಗೆ ಬಂದ ಮೊದಲ ಭಾನುವಾರ ನರಹರಿ ಮೃದಂಗ ತಟ್ಟಿ ತೋರಿಸಿ, "ಅಮ್ಮ, ಇದು ಐದೂವರೆದು, ಇಳಿಸಿದ್ರೆ ಸತ್ತ ಹಾಗೆ ಕೇಳುತ್ತೆ, ನೀವು ಸ್ವಲ್ಪ ಏರಿಸ್ಕೋತೀರಾ?" ಎಂದಿದ್ದ. ಹೊಸ ಜಾಗ, ಹೊಸ ಜನ. ಅದಕ್ಕೇನಂತೆ ಎಂದಿದ್ದರು. ಒಂದು ದಿನಕ್ಕೆಂದು ಏರಿಸಿದ್ದು ನಾಲ್ಕು ವರ್ಷ ಏರಿಯೇ ಉಳಿಯಿತು. ಹೆಂಗಸರು ಐದೂವರೆಯಲ್ಲೇ ಹಾಡಬೇಕಲ್ಲವೇ ಎಂದು ಆಮೇಲೆ ಬಂದವರೆಲ್ಲ ಅದಕ್ಕೇ ಸೇರಿಕೊಂಡರು.

ಹಾಡುವವರ ಶ್ರುತಿಗೆ ಮೃದಂಗ ಕಟ್ಟುತ್ತಾರೆ. ಲೋಕದಲ್ಲಿ ಎಲ್ಲೆಡೆ ನಡೆಯುವುದು ಹಾಗೆ. ಸುಬಾಂಗ್ ಜಯಾದಲ್ಲಿ ಮಾತ್ರ ಒಂದು ಮೃದಂಗದ ಶ್ರುತಿಗೆ ಹನ್ನೆರಡು ಮನೆಯವರು ಗಂಟಲು ಕಟ್ಟಿಕೊಂಡಿದ್ದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯನ್ನು ಹೊನ್ನಮ್ಮನವರು ಸಾವಿರ ಸಲ ಬೇರೆಯವರಿಗೆ ಹೇಳಿದ್ದರು. ಈಗ ತಮಗೇ ಹೇಳಿಕೊಂಡರು, ಗಟ್ಟಿಯಾಗಿ, ಖಾಲಿ ಮನೆಯಲ್ಲಿ.

ತಿಂಗಳ ಎರಡನೆಯ ಭಾನುವಾರ ನರಹರಿಯ ಹಾಲಿನಲ್ಲಿ ಎಲ್ಲರೂ ಸೇರಿದರು. ಹೊನ್ನಮ್ಮನವರು ಮೋಡ ಕವಿದ ಮುಖ ಮಾಡಿಕೊಂಡು ಬಂದು, ಜಮಖಾನದ ನಡುವಿನ ಮಣೆಯ ಮೇಲೆ ಯಂತ್ರವನ್ನು ಇಟ್ಟರು. ನರಹರಿ ಅದನ್ನು ನೋಡಿ ನಕ್ಕ.

"ಹೊಸದಾ ಅಮ್ಮ? ಚೆನ್ನಾಗಿದೆ. ಆದ್ರೆ ರಾಮನವಮಿ ಲಿಸ್ಟ್ ಫೈನಲ್ ಆಗಿದೆ. ಈಗ ಮತ್ತೆ ರೆಕಾರ್ಡಿಂಗ್ ತಗೊಂಡ್ರೆ ಬೇರೆಯವರಿಗೆ ಅನ್ಯಾಯ ಅಲ್ವಾ? ಪ್ರೋಸೆಸ್ ಅಂದ್ರೆ ಪ್ರೋಸೆಸ್."

"ನಿನ್ನ ಪ್ರೋಸೆಸ್ ತಂಬೂರಿನ ತಿಂದಿದೆ ಕಣಪ್ಪ. ಮೊದಲು ಅದನ್ನ ಕೇಳು."

ವಂದನಾಳ ಕೈಯಿಂದ ಫೋನಿನ ರೆಕಾರ್ಡಿಂಗ್ ಹಾಕಿಸಿದರು. ಆಮೇಲೆ ಅಂಗಡಿಯಲ್ಲಿ ಹಾಡಿದ್ದನ್ನು ಸ್ಪೀಕರಿಗೆ ಸಿಕ್ಕಿಸಿ ಕೇಳಿಸಿದರು. ತಂಬೂರಿ ಬಂದ ಕೂಡಲೇ ಹಾಲಿನಲ್ಲಿ ಕೆಲವರು ತಲೆಯಾಡಿಸಿದರು. ಅಕ್ಷಿತಾ ಬೆರಗಾಗಿ ಮುಂದಕ್ಕೆ ಬಾಗಿದಳು. ಹೊನ್ನಮ್ಮನವರು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಗೆದ್ದು ಮನೆಗೆ ಹೋಗುತ್ತಿದ್ದರು. ನಿಲ್ಲಿಸಲಿಲ್ಲ. ಅನುಪಲ್ಲವಿ ಬಂತು, ಗಾಂಧಾರ ಜಾರಿತು, ಆಗ ಗುಂಡಿ ಒತ್ತಿದರು.

"ಇಲ್ಲಿ ಜಾರಿದೆ. ಕೇಳಿಸ್ತಾ?"

ಅವರು ಹಿಂದಕ್ಕೆ ಓಡಿಸಿ ಅದೊಂದೇ ಜಾಗವನ್ನು ಮತ್ತೆ ಕೇಳಿಸಿದರು.

"ಮೂರು ಹಾಕಿದೋರು ತಪ್ಪು ಮಾಡಿಲ್ಲ. ಯಾಕೆ ಹಾಕಿದೀವಿ ಅಂತ ಗೊತ್ತಿಲ್ದೆ ಹಾಕಿದೀರಿ, ಅಷ್ಟೇ."

ನರಹರಿಗೆ ಸಮಾಧಾನವಾಯಿತು. ಅವನು ಮೆತ್ತಗಿನ ದನಿಯಲ್ಲಿ, "ಹೋಗ್ಲಿ ಬಿಡಿ ಅಮ್ಮ, ವಯಸ್ಸಾದ ಮೇಲೆ ಎಲ್ರಿಗೂ—" ಎಂದ.

"ವಯಸ್ಸಲ್ಲ. ನಿನ್ನ ಮೃದಂಗ."

ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದವರೂ ನಲ್ಲಿ ನಿಲ್ಲಿಸಿದರು. ಹೊನ್ನಮ್ಮನವರು ಹೇಳಬೇಕಾದದ್ದನ್ನು ಹೇಳಿದರು: ನಾಲ್ಕೂವರೆಯ ಮೈಸೂರು, ಐದೂವರೆಯ ಸುಬಾಂಗ್ ಜಯಾ, ತಮ್ಮ ದಾಕ್ಷಿಣ್ಯ, ಎಲ್ಲರ ದಾಕ್ಷಿಣ್ಯ. "ಇಲ್ಲಿರೋ ಒಬ್ಬರ ಶ್ರುತಿನಾದ್ರೂ ಯಾವತ್ತಾದ್ರೂ ಕೇಳಿದೀಯಾ ನೀನು? ನಾವೂ ಹೇಳ್ಲಿಲ್ಲ, ಅದು ನಮ್ಮ ತಪ್ಪು. ಇವತ್ತು ಹೇಳ್ತಿದೀನಿ. ನಂದು ನಾಲ್ಕೂವರೆ."

ನರಹರಿಯ ಮುಖ ಕೆಂಪಾಯಿತು. "ಇನ್ನೊಂದು ಮೃದಂಗ ಎಲ್ಲಿಂದ ತರ್ಲಿ ಅಮ್ಮ? ಇದನ್ನ ತರೋಕೆ ಎಷ್ಟು ಒದ್ದಾಡಿದೆ ಗೊತ್ತಾ? ನಾನು ಹದಿನಾಲ್ಕು ವರ್ಷದಿಂದ ಈ ಹಾಲಿನಲ್ಲಿ ಜಮಖಾನ ಹಾಸ್ತಿದೀನಿ. ನಾನು ಇಲ್ದಿದ್ರೆ ಇಲ್ಲಿ ಮೃದಂಗವೇ ಇರ್ತಿರ್ಲಿಲ್ಲ, ಸಂಗೀತವೇ ಇರ್ತಿರ್ಲಿಲ್ಲ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೊನ್ನಮ್ಮನವರಿಗೆ ಅವನ ಮೇಲೆ ಮರುಕವೂ ಆಯಿತು. ಆದರೆ ಮರುಕಪಟ್ಟೇ ಅಲ್ಲವೇ ಗಂಟಲು ಐದೂವರೆಗೆ ಏರಿ ಕೂತದ್ದು?

"ನಿಜ ಕಣಪ್ಪ. ಇಲ್ಲಿ ಅನ್ನ ಹಾಕ್ದೋನು ನೀನು, ಅದನ್ನ ಯಾರೂ ಮರೆಯಲ್ಲ. ಅನ್ನ ಹಾಕ್ದೆ ಅಂತ ನಮ್ಮ ಹೊಟ್ಟೆ ಎಷ್ಟು ದೊಡ್ಡದಿರ್ಬೇಕು ಅಂತ ನೀನು ಹೇಳೋ ಹಾಗಿಲ್ಲ. ಇನ್ನೊಂದು ಮೃದಂಗ ತರಬೇಡ. ನಾನು ಮೃದಂಗ ಇಲ್ದೆ ಹಾಡ್ತೀನಿ."

"ಮೃದಂಗ ಇಲ್ದೆ ಕಚೇರಿನಾ? ಬಾಂಗ್ಸಾರ್‌ನಲ್ಲಿ ಜನ ನಗ್ತಾರೆ."

"ನಗ್ಲಿ. ಆಡಿಯನ್ಸ್ ಕನೆಕ್ಟ್ ಅಂತ ಬರ್ಕೋ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಹೊನ್ನಮ್ಮನವರು ಯಾರ ಅಪ್ಪಣೆಗೂ ಕಾಯಲಿಲ್ಲ. ತಂಬೂರಿಯನ್ನು ನಾಲ್ಕೂವರೆಗೆ ತಿರುಗಿಸಿದರು, ಯಂತ್ರದ ಗುಂಡಿ ಒತ್ತಿದರು, ತೊಡೆಯ ಮೇಲೆ ತಾಳ ಹಾಕಿಕೊಂಡು ಅದೇ ಕಲ್ಯಾಣಿಯನ್ನು ಎತ್ತಿಕೊಂಡರು.

ನಾಲ್ಕು ವರ್ಷದಲ್ಲಿ ಆ ಹಾಲಿನಲ್ಲಿ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಅವಸರವೇ ಇರಲಿಲ್ಲ. ಮೆಲ್ಲಗೆ ಹೇಳುವಲ್ಲಿ ಮೆಲ್ಲಗೆ ಹೇಳಿದರು, ಗದರುವಲ್ಲಿ ಗದರಿದರು. ಒಂದೆರಡು ಕಡೆ ಉಸಿರು ಸಾಲದೆ ಸಾಲನ್ನು ಮುರಿದರು. ಎಪ್ಪತ್ತೊಂದು ಎಪ್ಪತ್ತೊಂದೇ, ಅದನ್ನು ಅಡಗಿಸಲಿಲ್ಲ. ಅನುಪಲ್ಲವಿಯಲ್ಲಿ ಗಾಂಧಾರಕ್ಕೆ ಹತ್ತಿದರು, ಹತ್ತಿ ಅಲ್ಲೇ ನಿಂತರು. ಬೇಕೆಂದೇ ನಿಂತ ಹಾಗಿತ್ತು. ಇಳಿಯುವ ಜಾಗ ಬಂದರೂ ಇಳಿಯದೆ ಇನ್ನೊಂದು ಆವರ್ತ ಅಲ್ಲೇ ಸುತ್ತಾಡಿ, ಸಾಕೆನಿಸಿದ ಮೇಲೆ ಕೆಳಗೆ ಬಂದರು. ನರಹರಿಯ ಬೆರಳುಗಳು ಮೃದಂಗದ ಮೇಲೆ ಎರಡು ಸಲ ಏಳಲು ಹೋಗಿ ಹಾಗೇ ನಿಂತವು. ಈ ಹಾಡಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಅವನಿಗಿಂತ ಚೆನ್ನಾಗಿ ತಿಳಿದವರು ಅಲ್ಲಿ ಯಾರಿದ್ದರು? ಚರಣದ ಹೊತ್ತಿಗೆ ಅವನು ಮೃದಂಗವನ್ನು ಪಕ್ಕಕ್ಕೆ ಸರಿಸಿ, ಬರಿಗೈಯಲ್ಲಿ ತಾಳ ಹಾಕುತ್ತಿದ್ದ.

ಹಾಡು ಮುಗಿಯಿತು. ನರಹರಿ ಲ್ಯಾಪ್‌ಟಾಪ್ ತೆರೆದ.

"ಅಕ್ಷಿತಾ ಅರ್ಧ ಗಂಟೆ ಅವಳಿಗೇ ಇರ್ಲಿ. ಎಲ್ರೂ ಸೇರಿ ಹಾಡೋ ಅರ್ಧ ಗಂಟೆಲಿ ಹತ್ತು ನಿಮಿಷ ಗುಂಪಿಗೆ ಸಾಕು. ಇಪ್ಪತ್ತು ನಿಮಿಷ ನಿಮಗೆ, ಅಮ್ಮ. ಮೃದಂಗ ಇಲ್ದೆ." ಗುಂಪಿನ ಹಾಡುಗಳಲ್ಲೇ ಅವನ ಮೃದಂಗ ಮೆರೆಯುತ್ತಿದ್ದದ್ದು. ಅದನ್ನೇ ಅವನು ಕತ್ತರಿಸುತ್ತಿದ್ದ.

"ಇಪ್ಪತ್ತೈದು," ಎಂದರು ಹೊನ್ನಮ್ಮ.

"ಮತ್ತೆ ಗುಂಪಿಗೆ?"

"ಐದು ನಿಮಿಷ. ಮಂಗಳ ಹಾಡಿ, ಎಲ್ರೂ ಸೇರಿ."

ಈ ಸಲ ಹಾಲಿಗೆ ಹಾಲೇ ನಕ್ಕಿತು. ನರಹರಿಗೂ ನಗದೆ ಇರಲಾಗಲಿಲ್ಲ. ತಲೆ ಅಲ್ಲಾಡಿಸುತ್ತಾ ಇಪ್ಪತ್ತೈದು ಎಂದು ಟೈಪು ಮಾಡಿದ.

ಅಕ್ಷಿತಾ ಮಾತ್ರ ನಗಲಿಲ್ಲ. ಗೆದ್ದವಳು ಅವಳು, ಅವಳ ಅರ್ಧ ಗಂಟೆಗೆ ಏನೂ ಧಕ್ಕೆಯಾಗಿರಲಿಲ್ಲ. ಆದರೂ ಅವಳ ಮುಖ ಸೋತವರ ಹಾಗಿತ್ತು. ಅವಳು ಸಂಗೀತಕ್ಕೆ ಕೂತದ್ದೇ ಈ ಹಾಲಿನಲ್ಲಿ, ಈ ಜಮಖಾನದ ಮೇಲೆ, ಈ ಮೃದಂಗದ ಪಕ್ಕದಲ್ಲಿ. ಹಾಡಿ ಹೋದ ರಾತ್ರಿಯೆಲ್ಲ ಗಂಟಲು ನೋವೆಂದು ಬಿಸಿನೀರು ಕುಡಿಯುತ್ತಿದ್ದವಳು, ಹಾಡಿದರೆ ಎಲ್ಲರಿಗೂ ಹಾಗೇ ಆಗುತ್ತದೆ ಎಂದು ನಂಬಿದ್ದವಳು. ಈಗ ಮಂಡಿಯ ಮೇಲೆ ಸರಿದು ಹೊನ್ನಮ್ಮನವರ ಮುಂದೆ ಬಂದು ಕೂತಳು.

"ಅಮ್ಮ, ನನ್ನ ಶ್ರುತಿ ಎಷ್ಟು?"

"ನನ್ನ ಕೇಳಿದ್ರೆ? ನಿನ್ನ ಗಂಟಲನ್ನ ಕೇಳು. ಕಣ್ಣು ಮುಚ್ಕೊಂಡು ಸಾ ಹಿಡಿ. ನಾನು ಇಳಿಸ್ತಾ ಹೋಗ್ತೀನಿ, ಹಾಯ್ ಅನ್ಸಿದ ಕಡೆ ಕೈ ಎತ್ತು."

ಐದೂವರೆಯಲ್ಲಿ ಅಕ್ಷಿತಾಳ ಕತ್ತಿನ ನರ ಉಬ್ಬಿತ್ತು. ಐದಕ್ಕೆ ಸ್ವಲ್ಪ ಇಳಿಯಿತು. ನಾಲ್ಕೂವರೆಯಲ್ಲೂ ಅವಳು ಕೈ ಎತ್ತಲಿಲ್ಲ. ನಾಲ್ಕರಲ್ಲಿ ಅವಳ ಭುಜಗಳು ಸಡಿಲವಾದವು, ಹುಬ್ಬಿನ ಗಂಟು ಬಿಚ್ಚಿತು, ಕೈ ಮೇಲೆದ್ದಿತು. ಆ ಸಾ ದಪ್ಪಗಿತ್ತು, ಕಪ್ಪಗಿತ್ತು, ತುಂಬಿದ ಕೊಡದ ನೀರಿನ ಹಾಗೆ ತುಳುಕದೆ ನಿಂತಿತ್ತು. ಎರಡು ವರ್ಷದಿಂದ ಅವಳ ಪಕ್ಕದಲ್ಲೇ ಕೂತು ನುಡಿಸಿದ್ದ ನರಹರಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಸುತ್ತಲೂ ನೋಡಿದ.

"ಯಾರ ದನಿ ಅದು?"

"ಅವಳದೇ," ಎಂದರು ಹೊನ್ನಮ್ಮ. "ಇಷ್ಟು ದಿನ ನೀನು ಕೇಳ್ತಿದ್ದಿದ್ದು ನಿನ್ನ ಮೃದಂಗದ್ದು."